ಡೆಂಗಿಯ ನಂತರ ಉದುರುವ ಕೂದಲು, ಅಗಲವಾಗುವ ಬೈತಲೆ: ಎರಡೂ ಒಂದೇ ಸಮಸ್ಯೆಯೇ?

ಪ್ರಶ್ನೆ: ನನಗೆ 36 ವರ್ಷ. ಊರು ತುಮಕೂರು, ಮದುವೆಯಾದ ಮೇಲೆ ಬೆಂಗಳೂರಿನ ವೈಟ್‌ಫೀಲ್ಡ್ ಕಡೆ ಇದ್ದೇವೆ. ಮನೆಗೆ ಬರುವುದು ಬೋರ್‌ವೆಲ್ ನೀರು, ಬೇಸಿಗೆಯಲ್ಲಿ ಟ್ಯಾಂಕರ್. ಆಗಸ್ಟ್‌ನಲ್ಲಿ ಡೆಂಗಿ ಬಂದು ಆಸ್ಪತ್ರೆಗೆ ದಾಖಲಾಗಿದ್ದೆ. ನವೆಂಬರ್ ಆರಂಭದಿಂದ ತಲೆಗೆ ನೀರು ಹಾಕಿದರೆ ಸಾಕು, ಕೂದಲು ಬೇರು ಸಮೇತ ಹಿಡಿಹಿಡಿಯಾಗಿ ಕೈಗೆ ಬರುತ್ತಿದೆ. ಬೈತಲೆ ಅಗಲವಾಗಿದೆ ಎಂದು ತಂಗಿ ಎರಡು ವರ್ಷದ ಹಿಂದೆಯೇ ಹೇಳಿದ್ದಳು, ಆಗ ಗಮನ ಕೊಡಲಿಲ್ಲ. ಅಮ್ಮನಿಗೂ ನೆತ್ತಿಯಲ್ಲಿ ಕೂದಲು ತೆಳು. ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 10.6, ಫೆರಿಟಿನ್ 14, ಥೈರಾಯ್ಡ್ ನಾರ್ಮಲ್. ಮುಟ್ಟಿನಲ್ಲಿ ಸ್ರಾವ ಹೆಚ್ಚು, ಆದರೆ ತಿಂಗಳು ತಪ್ಪುವುದಿಲ್ಲ. ಈಗ 10 ಮಿಲಿಗ್ರಾಂ ಬಯೋಟಿನ್ ಗಮ್ಮಿ ತಿನ್ನುತ್ತಿದ್ದೇನೆ. ಅತ್ತೆಯವರು ಈರುಳ್ಳಿ ರಸ ಹಚ್ಚು ಎನ್ನುತ್ತಾರೆ. ಒಂದು ಕ್ಲಿನಿಕ್‌ನಲ್ಲಿ ನೆತ್ತಿಗೆ ಚುಚ್ಚುವ ಆರು ಸಿಟ್ಟಿಂಗ್ ಪಿಆರ್‌ಪಿ ಪ್ಯಾಕೇಜ್ ತೆಗೆದುಕೊಳ್ಳಿ ಎಂದರು. ಇನ್ನೊಬ್ಬ ವೈದ್ಯರು ಮಿನಾಕ್ಸಿಡಿಲ್ ಬರೆದುಕೊಟ್ಟರು, ಆದರೆ ಅದನ್ನು ನಿಲ್ಲಿಸಿದರೆ ಇರುವ ಕೂದಲೂ ಹೋಗುತ್ತದೆ ಎಂದು ಸಹೋದ್ಯೋಗಿಯೊಬ್ಬರು ಹೆದರಿಸಿದ್ದಾರೆ. ನನ್ನ 24 ವರ್ಷದ ತಮ್ಮನೂ ಕೂದಲಿಗೆಂದು ಆನ್‌ಲೈನ್‌ನಲ್ಲಿ ಔಷಧಿ ತರಿಸಿದ್ದಾನೆ, ಅದನ್ನೇ ಬಳಸಬಹುದೇ? ಎರಡನೇ ಮಗುವಿನ ಯೋಚನೆಯೂ ಇದೆ. ಮಹಾರಾಷ್ಟ್ರದ ಬುಲ್ಢಾಣದ ಹಳ್ಳಿಗಳಲ್ಲಿ ಜನ ಬೋಳಾದ ಸುದ್ದಿ ಓದಿದ ಮೇಲೆ ನೀರಿನ ಭಯ ಇನ್ನೂ ಹೆಚ್ಚಾಗಿದೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ತಿಂಗಳುಗಳ ಲೆಕ್ಕ ಸ್ಪಷ್ಟವಾಗಿರುವುದರಿಂದ ನನ್ನ ಕೆಲಸ ಅರ್ಧ ಹಗುರವಾಗಿದೆ. ಆಗಸ್ಟ್‌ನಲ್ಲಿ ಜ್ವರ, ನವೆಂಬರ್‌ನಲ್ಲಿ ಉದುರುವಿಕೆ, ಅದಕ್ಕೂ ಎರಡು ವರ್ಷ ಮೊದಲೇ ಅಗಲವಾಗಲು ಶುರುವಾಗಿದ್ದ ಬೈತಲೆ. ಈ ಮೂರನ್ನು ಒಟ್ಟಿಗೆ ನೋಡಿದರೆ ನಿಮ್ಮ ತಲೆಯಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಏಕಕಾಲಕ್ಕೆ ನಡೆಯುತ್ತಿರುವ ಸಾಧ್ಯತೆಯೇ ಹೆಚ್ಚು. ಒಂದು, ಜ್ವರದಿಂದ ಬಂದ ತಾತ್ಕಾಲಿಕ ಉದುರುವಿಕೆ. ಇದು ತಾನಾಗಿಯೇ ನಿಲ್ಲುತ್ತದೆ. ಇನ್ನೊಂದು, ವಂಶಪಾರಂಪರ್ಯವಾಗಿ ಬರುವ, ನಿಧಾನಗತಿಯ ತೆಳುವಾಗುವಿಕೆ. ಇದು ತಾನಾಗಿ ನಿಲ್ಲುವುದಿಲ್ಲ. ನಿಮ್ಮನ್ನು ಗಾಬರಿಗೊಳಿಸಿರುವುದು ಮೊದಲನೆಯದು, ಆದರೆ ಚಿಕಿತ್ಸೆಯ ಬಗ್ಗೆ ಯೋಚಿಸಬೇಕಾಗಿರುವುದು ಎರಡನೆಯದರ ಸಲುವಾಗಿ. ಇವೆರಡನ್ನೂ ಕಲಸಿಕೊಂಡರೆ ಬೇಡದ್ದಕ್ಕೆ ಹಣ ಖರ್ಚಾಗುತ್ತದೆ, ಬೇಕಾದದ್ದು ತಡವಾಗುತ್ತದೆ.

ಮೊದಲು ‘ಬೇರು ಸಮೇತ’ ಎಂಬ ಮಾತನ್ನು ನೋಡೋಣ, ಏಕೆಂದರೆ ನನ್ನಲ್ಲಿಗೆ ಬರುವ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರ ಭಯ ಇದೇ. ಉದುರಿದ ಕೂದಲನ್ನು ಕವರ್‌ನಲ್ಲಿ ಕಟ್ಟಿ ತಂದು, ತುದಿಯಲ್ಲಿರುವ ಬಿಳಿಯ ಗುಂಡನೆಯ ಚುಕ್ಕೆಯನ್ನು ತೋರಿಸಿ, ಇನ್ನು ಅಲ್ಲಿ ಕೂದಲು ಹುಟ್ಟುವುದೇ ಇಲ್ಲವಲ್ಲ ಎಂದು ಕಣ್ಣೀರು ಹಾಕುತ್ತಾರೆ. ಆ ಬಿಳಿಯ ಚುಕ್ಕೆ ಬೇರಲ್ಲ. ಕೂದಲು ತನ್ನ ಆಯುಸ್ಸು ಮುಗಿಸಿ, ವಿಶ್ರಾಂತಿಯ ಹಂತವನ್ನು ದಾಟಿ ಸಹಜವಾಗಿ ಕಳಚಿಕೊಂಡಾಗ ಬುಡದಲ್ಲಿ ಉಳಿಯುವ ಒಣಗಿದ ಗುಬುಟು ಅದು. ಕೂದಲನ್ನು ಹುಟ್ಟಿಸುವ ರೋಮಕೂಪ ಚರ್ಮದೊಳಗೆ ಹಾಗೆಯೇ ಇರುತ್ತದೆ, ಬಹುಪಾಲು ಸಂದರ್ಭದಲ್ಲಿ ಆ ಹೊತ್ತಿಗಾಗಲೇ ಮುಂದಿನ ಕೂದಲನ್ನು ಬೆಳೆಸಲು ತೊಡಗಿರುತ್ತದೆ. ನಿಜ ಹೇಳಬೇಕೆಂದರೆ, ಆ ಬಿಳಿ ಚುಕ್ಕೆ ಕಂಡರೆ ನನಗೆ ಸಮಾಧಾನವೇ ಆಗುತ್ತದೆ. ಚುಕ್ಕೆಯಿಲ್ಲದೆ ಅರ್ಧಕ್ಕೇ ತುಂಡಾದ ಕೂದಲು ಬೇರೆಯೇ ಕತೆ ಹೇಳುತ್ತದೆ. ಅದಕ್ಕೆ ನೀರಿನ ವಿಷಯದಲ್ಲಿ ಬರುತ್ತೇನೆ.

ಮನುಷ್ಯನ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲಿರುತ್ತವೆ. ಪ್ರತಿಯೊಂದು ಕೂದಲೂ ಎರಡರಿಂದ ಆರು ವರ್ಷ ಬೆಳೆಯುತ್ತದೆ, ಎರಡು ಮೂರು ವಾರಗಳಲ್ಲಿ ಬೆಳವಣಿಗೆಯನ್ನು ನಿಲ್ಲಿಸುತ್ತದೆ, ನಂತರ ಸುಮಾರು ಮೂರು ತಿಂಗಳು ಸುಮ್ಮನೆ ಕುಳಿತಿದ್ದು ಉದುರುತ್ತದೆ. ಆರೋಗ್ಯವಂತರಲ್ಲಿ ನೂರಕ್ಕೆ 85ರಿಂದ 90ರಷ್ಟು ಕೂದಲು ಬೆಳೆಯುವ ಹಂತದಲ್ಲಿಯೇ ಇರುತ್ತವೆ, ದಿನಕ್ಕೆ 50ರಿಂದ 100 ಉದುರುವುದು ಸಹಜ. ಡೆಂಗಿಯಂಥ ತೀವ್ರ ಜ್ವರ ಬಂದಾಗ ದೇಹ ತನಗೆ ತುರ್ತಾಗಿ ಬೇಡದ ಕೆಲಸಗಳನ್ನು ತಡೆಹಿಡಿಯುತ್ತದೆ, ಕೂದಲು ಬೆಳೆಸುವುದು ಅಂಥದ್ದರಲ್ಲಿ ಒಂದು. ಬೇರೆ ಬೇರೆ ಕಾಲಕ್ಕೆ ವಿಶ್ರಾಂತಿಗೆ ಹೋಗಬೇಕಾಗಿದ್ದ ಸಾವಿರಾರು ಕೂದಲುಗಳು ಜ್ವರದ ವಾರದಲ್ಲಿ ಒಟ್ಟಿಗೇ ವಿಶ್ರಾಂತಿಗೆ ಹೋಗಿ, ಎರಡು ಮೂರು ತಿಂಗಳ ನಂತರ ಒಟ್ಟಿಗೇ ಉದುರುತ್ತವೆ. ಟೈಫಾಯ್ಡ್, ಕೋವಿಡ್, ದೊಡ್ಡ ಶಸ್ತ್ರಚಿಕಿತ್ಸೆ, ಊಟ ಬಿಟ್ಟು ತೂಕ ಇಳಿಸುವುದು, ಹೆರಿಗೆ, ಎಲ್ಲದರ ನಂತರವೂ ನಡೆಯುವುದು ಇದೇ. ಜ್ವರ ಮರೆತುಹೋಗಿರುವ ಹೊತ್ತಿಗೆ ಕೂದಲು ಉದುರುವುದರಿಂದ ಜನ ಹೊಸ ಶಾಂಪೂವನ್ನೋ, ಆ ತಿಂಗಳು ಬದಲಾದ ನೀರನ್ನೋ ದೂರುತ್ತಾರೆ.

ಈ ಉದುರುವಿಕೆ ಸಾಮಾನ್ಯವಾಗಿ ಆರು ತಿಂಗಳೊಳಗೆ ತಗ್ಗುತ್ತದೆ. ಇದರಿಂದ ಯಾರೂ ಬೋಳಾಗುವುದಿಲ್ಲ. ಹೊಸ ಕೂದಲು ಬರುತ್ತಿದೆಯೇ ಎಂದು ನೀವೇ ನೋಡಿಕೊಳ್ಳಬಹುದು. ಕೂದಲನ್ನು ಹಿಂದಕ್ಕೆ ಬಾಚಿ ಬೆಳಕಿಗೆ ಎದುರಾಗಿ ನಿಂತರೆ, ಹಣೆಯಂಚಿನಲ್ಲಿ ಒಂದೆರಡು ಅಂಗುಲ ಉದ್ದದ ಕೂದಲುಗಳು ಎಣ್ಣೆ ಹಚ್ಚಿದರೂ ಮಲಗದೆ ಎದ್ದು ನಿಂತಿರುವುದು ಕಾಣಿಸುತ್ತದೆ. ಅವುಗಳಲ್ಲಿ ಒಂದನ್ನು ಬಿಳಿಯ ಕಾಗದದ ಮುಂದೆ ಹಿಡಿದು ತುದಿಯನ್ನು ಗಮನಿಸಿ. ತುದಿ ಸೂಜಿಯಂತೆ ಚೂಪಾಗಿ ತೆಳ್ಳಗಿದ್ದರೆ ಅದು ಹೊಸದಾಗಿ ಹುಟ್ಟಿದ್ದು, ಕತ್ತರಿಸಿದಂತೆ ಮೊಂಡಾಗಿದ್ದರೆ ಅದು ಹಳೆಯದು, ತುಂಡಾದದ್ದು. ಒಂದು ಎಚ್ಚರಿಕೆ ಮಾತ್ರ ಹೇಳಬೇಕು: ಕೂದಲು ತಿಂಗಳಿಗೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರ್. ಆದ್ದರಿಂದ ಉದುರುವುದು ನಿಂತ ಮೇಲೂ ಜಡೆ ಹಿಂದಿನಷ್ಟು ದಪ್ಪವಾಗಲು ಒಂದು ವರ್ಷಕ್ಕಿಂತ ಹೆಚ್ಚು ಬೇಕು, ಸೊಂಟದವರೆಗೆ ಜಡೆ ಬಿಡುವವರಿಗೆ ಇನ್ನೂ ಹಲವು ವರ್ಷಗಳೇ ಬೇಕು.

ತಾನಾಗಿ ವಾಸಿಯಾಗುವ ಕಾಯಿಲೆಗೆ ಒಂದು ಸಂಕಟವಿದೆ. ಆ ಆರು ತಿಂಗಳಲ್ಲಿ ಏನನ್ನು ಹಚ್ಚಿದರೂ, ಏನನ್ನು ತಿಂದರೂ, ಎಷ್ಟು ಚುಚ್ಚಿಸಿಕೊಂಡರೂ ಕೀರ್ತಿ ಅದಕ್ಕೇ ಹೋಗುತ್ತದೆ. ಈರುಳ್ಳಿ ರಸಕ್ಕೂ ಗಮ್ಮಿಗೂ ಪಿಆರ್‌ಪಿ ಪ್ಯಾಕೇಜಿಗೂ ಮನಃಪೂರ್ವಕವಾಗಿ ಸಾಕ್ಷಿ ಹೇಳುವವರು ಸಿಗುವುದು ಹೀಗೆ. ಅವರು ಸುಳ್ಳು ಹೇಳುತ್ತಿಲ್ಲ, ಆದರೆ ಅವರ ಕೂದಲು ಏನೂ ಮಾಡದಿದ್ದರೂ ಬರುತ್ತಿತ್ತು.

ಇನ್ನು ಬೈತಲೆ. ನಿಮ್ಮ ತಂಗಿ ಎರಡು ವರ್ಷದ ಹಿಂದೆ ಹೇಳಿದ ಮಾತು ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿತು. ಹೆಂಗಸರಲ್ಲಿ ವಂಶಪಾರಂಪರ್ಯವಾಗಿ ಕೂದಲು ತೆಳುವಾಗುವಾಗ ಗಂಡಸರಂತೆ ಹಣೆ ಹಿಂದಕ್ಕೆ ಸರಿಯುವುದಿಲ್ಲ. ಹಣೆಯಂಚು ಹಾಗೆಯೇ ಉಳಿದು, ಬೈತಲೆಯ ಎರಡೂ ಬದಿಯಲ್ಲಿ, ನೆತ್ತಿಯ ಮೇಲೆ ಚರ್ಮ ಕಾಣತೊಡಗುತ್ತದೆ. ಜರ್ಮನಿಯ ಲುಡ್ವಿಗ್ ಎಂಬ ಚರ್ಮವೈದ್ಯರು 1977ರಲ್ಲಿ ಇದನ್ನು ಮೂರು ಹಂತಗಳಲ್ಲಿ ವಿಂಗಡಿಸಿದರು, ಇಂದಿಗೂ ನಾವು ಬಳಸುವುದು ಅದನ್ನೇ. ಇಲ್ಲಿ ಕೂದಲು ಹಿಡಿಹಿಡಿಯಾಗಿ ಉದುರುವುದಿಲ್ಲ. ರೋಮಕೂಪ ಪ್ರತಿ ಸುತ್ತಿನಲ್ಲಿಯೂ ಸ್ವಲ್ಪ ಕುಗ್ಗುತ್ತಾ, ದಪ್ಪ ಕೂದಲಿನ ಜಾಗದಲ್ಲಿ ತೆಳು ಕೂದಲನ್ನು, ತೆಳುವಿನ ಜಾಗದಲ್ಲಿ ನವುರಾದ ಗಿಡ್ಡ ಕೂದಲನ್ನು ಬೆಳೆಸುತ್ತದೆ. ಆದ್ದರಿಂದಲೇ ಬಹುಕಾಲ ಯಾರಿಗೂ ತಿಳಿಯುವುದಿಲ್ಲ. ಕಣ್ಣಿಗೆ ತೆಳುವೆನಿಸುವ ಹೊತ್ತಿಗೆ ಆ ಭಾಗದ ದಟ್ಟಣೆ ಅರ್ಧದಷ್ಟು ಇಳಿದಿರಬಹುದು. ಜ್ವರದಂಥದ್ದು ಬಂದು ಒಮ್ಮೆಗೇ ಕೂದಲು ಕಳಚಿದಾಗ ಅಲ್ಲಿಯವರೆಗೆ ಮರೆಯಲ್ಲಿದ್ದದ್ದು ಬಯಲಾಗುತ್ತದೆ. ಕಳಚಿದ ಕೂದಲು ಮತ್ತೆ ಬಂದರೂ ನೆತ್ತಿಯ ಭಾಗದಲ್ಲಿ ಕೆಲವು ಹಿಂದಿನಷ್ಟು ದಪ್ಪವಾಗಿ ಬರುವುದಿಲ್ಲ.

ಇದನ್ನು ಮನೆಯಲ್ಲಿಯೇ ಅಂದಾಜು ಮಾಡಲು ಒಂದು ಉಪಾಯವಿದೆ. ನೆತ್ತಿಯ ಮೇಲೆ ಒಂದು ಬೈತಲೆ ತೆಗೆದು ಫೋಟೋ ತೆಗೆಸಿ, ತಲೆಯ ಹಿಂಭಾಗದಲ್ಲಿ, ತುರುಬು ಕಟ್ಟುವ ಜಾಗದ ಕೆಳಗೆ ಇನ್ನೊಂದು ಬೈತಲೆ ತೆಗೆದು ಅದರದೂ ಫೋಟೋ ತೆಗೆಸಿ. ಎರಡೂ ಒಂದೇ ಅಗಲವಿದ್ದರೆ ಇದು ಬರಿಯ ಜ್ವರದ ಉದುರುವಿಕೆ. ಮೇಲಿನದು ಕೆಳಗಿನದಕ್ಕಿಂತ ಎದ್ದು ಕಾಣುವಷ್ಟು ಅಗಲವಿದ್ದರೆ, ಅದರಲ್ಲಿಯೂ ಹಣೆಯ ಕಡೆಗೆ ಹೆಚ್ಚು ಅಗಲವಾಗುತ್ತಾ ಬಂದಿದ್ದರೆ, ವಂಶಪಾರಂಪರ್ಯದ ತೆಳುವಾಗುವಿಕೆ ಇದೆಯೆಂದೇ ಹೇಳಬೇಕು. ಖಚಿತವಾಗಿ ತಿಳಿಯಲು ಚರ್ಮರೋಗ ತಜ್ಞರು ಡರ್ಮೋಸ್ಕೋಪ್ ಎಂಬ ಸಣ್ಣ ಭೂತಗನ್ನಡಿಯಂಥ ಉಪಕರಣವನ್ನು ನೆತ್ತಿಗಿಟ್ಟು ನೋಡುತ್ತಾರೆ. ನೋವಿಲ್ಲದ, ಕೆಲವೇ ನಿಮಿಷಗಳ ಪರೀಕ್ಷೆ ಅದು. ಪಕ್ಕಪಕ್ಕದಲ್ಲಿಯೇ ದಪ್ಪ, ತೆಳು, ಅತಿ ತೆಳು ಕೂದಲುಗಳು ಬೆರೆತು ಕಂಡರೆ ಉತ್ತರ ಸಿಕ್ಕಂತೆ. ನಿಮಗೆ ಪ್ಯಾಕೇಜ್ ಹೇಳಿದ ಕ್ಲಿನಿಕ್‌ನಲ್ಲಿ ಈ ಪರೀಕ್ಷೆ ಮಾಡಿದರೇ ಎಂದು ನೀವು ಬರೆದಿಲ್ಲ. ಮಾಡಿರದಿದ್ದರೆ ಅಲ್ಲಿ ಹಣ ಕಟ್ಟಬೇಡಿ.

ರಕ್ತಪರೀಕ್ಷೆಯ ವಿಷಯಕ್ಕೆ ಬರುತ್ತೇನೆ. ಹಿಮೋಗ್ಲೋಬಿನ್ 10.6 ಎಂದರೆ ರಕ್ತಹೀನತೆ, ಗರ್ಭಿಣಿಯಲ್ಲದ ಹೆಣ್ಣಿಗೆ ಅದು 12 ಆದರೂ ಇರಬೇಕು. ದೇಹದ ಕಬ್ಬಿಣದ ದಾಸ್ತಾನನ್ನು ತೋರಿಸುವ ಫೆರಿಟಿನ್ 15ಕ್ಕಿಂತ ಕಡಿಮೆಯಿದ್ದರೆ ದಾಸ್ತಾನು ಬರಿದಾಗಿದೆ ಎಂದರ್ಥ. ಕೂದಲಿನ ದೃಷ್ಟಿಯಿಂದ ಅದು 40ರ ಮೇಲಿರಲಿ ಎಂದು ನಮ್ಮಲ್ಲಿ ಅನೇಕರು ಬಯಸುತ್ತೇವೆ. ಪ್ರಯೋಗಾಲಯದ ವರದಿಯಲ್ಲಿ ‘ನಾರ್ಮಲ್’ ಎಂದು ಮುದ್ರಿಸಿರುವ ವ್ಯಾಪ್ತಿಯೊಳಗೆ 14 ಕೂಡ ಬಂದುಬಿಡಬಹುದು, ಅದನ್ನು ನೋಡಿ ಸುಮ್ಮನಾಗಬೇಡಿ. ನಿಮ್ಮಲ್ಲಿ ಇದರ ಮೂಲ ಹೆಚ್ಚಿನ ಮುಟ್ಟಿನ ಸ್ರಾವವೇ ಇರಬೇಕು. ಹಾಗಾಗಿ ಮಾತ್ರೆ ನುಂಗುವುದರ ಜೊತೆಗೆ ಸ್ತ್ರೀರೋಗ ತಜ್ಞರನ್ನು ಕಂಡು, ಸ್ರಾವ ಏಕೆ ಹೆಚ್ಚು ಎಂಬುದನ್ನು ತಿಳಿಯುವುದು ಅಗತ್ಯ. ಒಂದು ಕಡೆ ಸೋರುತ್ತಿರುವಾಗ ಇನ್ನೊಂದು ಕಡೆ ತುಂಬಿಸಿ ಉಪಯೋಗವಿಲ್ಲ.

ಕಬ್ಬಿಣದ ಮಾತ್ರೆಯನ್ನು ದಿನ ಬಿಟ್ಟು ದಿನ ತೆಗೆದುಕೊಂಡರೂ ಚೆನ್ನಾಗಿ ಹೀರಿಕೆಯಾಗುತ್ತದೆ, ಹೊಟ್ಟೆಯ ತೊಂದರೆಯೂ ಕಡಿಮೆ. ಯಾವ ಪ್ರಮಾಣ ಎಂಬುದನ್ನು ವೈದ್ಯರು ಹೇಳಲಿ. ಮಲ ಕಪ್ಪಾಗುವುದು ಸಹಜ, ಮಲಬದ್ಧತೆ ಕೆಲವರಿಗೆ ಆಗುತ್ತದೆ. ನಮ್ಮ ಮನೆಗಳಲ್ಲಿ ಇದಕ್ಕೆ ದೊಡ್ಡ ಅಡ್ಡಿ ಕಾಫಿ. ತಿಂಡಿಯ ಜೊತೆಗೋ, ತಿಂಡಿ ಮುಗಿದ ಕೂಡಲೆಯೋ ಕುಡಿಯುವ ಕಾಫಿ ಟೀಗಳು ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣ ದೇಹಕ್ಕೆ ಸೇರದಂತೆ ತಡೆಯುತ್ತವೆ. ಕಾಫಿ ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ, ಊಟಕ್ಕೂ ಮಾತ್ರೆಗೂ ಒಂದು ಗಂಟೆ ಹಿಂದೆಮುಂದೆ ಕುಡಿಯಿರಿ ಎನ್ನುತ್ತೇನೆ. ಸೊಪ್ಪಿನ ಪಲ್ಯಕ್ಕೆ ನಿಂಬೆರಸ ಹಿಂಡುವುದು, ಊಟದಲ್ಲಿ ನೆಲ್ಲಿಕಾಯಿ ಚಟ್ನಿ ಇರುವುದು ಕಬ್ಬಿಣ ಹೀರಿಕೆಗೆ ನೆರವಾಗುತ್ತದೆ. ರಾಗಿ ಒಳ್ಳೆಯದೇ, ಆದರೆ ಅದರ ಹೆಚ್ಚುಗಾರಿಕೆ ಕ್ಯಾಲ್ಸಿಯಂನಲ್ಲಿ. ಈ ಮಟ್ಟದ ಕೊರತೆ ಮುದ್ದೆ ಸೊಪ್ಪುಗಳಿಂದ ಮಾತ್ರ ತುಂಬುವುದಿಲ್ಲ, ಮಾತ್ರೆ ಬೇಕು, ಮೂರರಿಂದ ಆರು ತಿಂಗಳು ಬೇಕು.

ಬಯೋಟಿನ್ ಗಮ್ಮಿಯನ್ನು ನಿಲ್ಲಿಸಿ ಎಂದು ಸ್ಪಷ್ಟವಾಗಿ ಹೇಳುತ್ತೇನೆ. ದೇಹಕ್ಕೆ ದಿನಕ್ಕೆ ಬೇಕಾಗುವುದು 30ರಿಂದ 40 ಮೈಕ್ರೋಗ್ರಾಂ. ನೀವು ತಿನ್ನುತ್ತಿರುವುದು 10,000 ಮೈಕ್ರೋಗ್ರಾಂ. ಬಯೋಟಿನ್ ಕೊರತೆ ಸಾಮಾನ್ಯ ಊಟ ಮಾಡುವವರಲ್ಲಿ ತೀರಾ ಅಪರೂಪ, ಕೊರತೆಯಿಲ್ಲದವರಲ್ಲಿ ಅದು ಕೂದಲು ಬೆಳೆಸುತ್ತದೆ ಎಂಬುದಕ್ಕೆ ಗಟ್ಟಿಯಾದ ಆಧಾರವಿಲ್ಲ. ಅದಕ್ಕಿಂತ ಚಿಂತೆಯ ವಿಷಯವೆಂದರೆ, ಹೆಚ್ಚು ಬಯೋಟಿನ್ ರಕ್ತದಲ್ಲಿದ್ದರೆ ಹಲವು ಪ್ರಯೋಗಾಲಯಗಳ ಯಂತ್ರಗಳು ತಪ್ಪು ಅಂಕಿ ಕೊಡುತ್ತವೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿಯೇ ಈ ಬಗ್ಗೆ ಎಚ್ಚರಿಕೆ ನೀಡಿತ್ತು. ಥೈರಾಯ್ಡ್ ಪರೀಕ್ಷೆಯಲ್ಲಿ ನೋಡುವ, ಗ್ರಂಥಿ ಸೋತಾಗ ಹೆಚ್ಚುವ ಹಾರ್ಮೋನಾದ ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ ಕಾಣಿಸಬಹುದು, ಅಂದರೆ ನಿಜವಾಗಿ ಹೆಚ್ಚಿರುವ ಟಿಎಸ್‌ಎಚ್ ನಾರ್ಮಲ್ ಎಂದು ತೋರಬಹುದು. ಫೆರಿಟಿನ್ ಅಂಕಿಯ ಮೇಲೂ ಪರಿಣಾಮ ಆಗುವುದುಂಟು. ಹಿಮೋಗ್ಲೋಬಿನ್‌ಗೆ ಈ ತೊಂದರೆಯಿಲ್ಲವಾದ್ದರಿಂದ ನಿಮ್ಮ ಕಬ್ಬಿಣದ ಕೊರತೆ ನಿಜವೆಂದೇ ನನ್ನ ಅಭಿಪ್ರಾಯ. ಆದರೂ ಗಮ್ಮಿ ನಿಲ್ಲಿಸಿ ಒಂದು ವಾರ ಕಳೆದ ಮೇಲೆ ಟಿಎಸ್‌ಎಚ್, ಫೆರಿಟಿನ್ ಎರಡನ್ನೂ ಮತ್ತೆ ಮಾಡಿಸಿ. ಮುಟ್ಟು ತಿಂಗಳಿಗೆ ಸರಿಯಾಗಿ ಬರುತ್ತಿದ್ದು, ಗದ್ದದ ಮೇಲೆ ಕೂದಲು, ವಿಪರೀತ ಮೊಡವೆ ಇಲ್ಲದಿದ್ದರೆ ಹಾರ್ಮೋನುಗಳ ಉದ್ದನೆಯ ಪಟ್ಟಿಯ ಪರೀಕ್ಷೆಗಳು ನಿಮಗೆ ಬೇಕಿಲ್ಲ.

ನೀರಿನ ಬಗ್ಗೆ ಬೆಂಗಳೂರಿನಲ್ಲಿ ಪ್ರತಿಯೊಬ್ಬರೂ ಕೇಳುತ್ತಾರೆ. ಬೋರ್‌ವೆಲ್ ನೀರಿನ ಗಡಸುತನಕ್ಕೆ ಕಾರಣವಾದ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂದಲಿನ ಎಳೆಯ ಮೇಲೆ ಕೂತು ಅದನ್ನು ಒರಟಾಗಿಸುತ್ತವೆ, ಸಿಕ್ಕು ಹೆಚ್ಚಾಗುತ್ತದೆ, ಬಾಚುವಾಗ ಎಳೆ ಮಧ್ಯದಲ್ಲಿ ತುಂಡಾಗುತ್ತದೆ. ಆದರೆ ಆ ನೀರು ಚರ್ಮದೊಳಗಿನ ರೋಮಕೂಪವನ್ನು ಮುಟ್ಟುವುದಿಲ್ಲ, ಬೈತಲೆಯನ್ನು ಅಗಲ ಮಾಡುವುದಿಲ್ಲ. ನಿಮ್ಮ ಬಾಚಣಿಗೆಯ ಕೂದಲಿನಲ್ಲಿ ಹೆಚ್ಚಿನವು ಗಿಡ್ಡ ತುಂಡುಗಳಾಗಿದ್ದು ಬಿಳಿ ಚುಕ್ಕೆ ಇಲ್ಲದಿದ್ದರೆ ನೀರನ್ನು ಅನುಮಾನಿಸಿ, ಕೊನೆಯ ಎರಡು ಚೊಂಬು ಫಿಲ್ಟರ್ ನೀರು ಹಾಕಿಕೊಳ್ಳಿ, ಕಂಡಿಷನರ್ ಬಳಸಿ. ನೀವು ಬರೆದಿರುವುದು ಪೂರ್ತಿ ಕೂದಲು, ಚುಕ್ಕೆಯ ಸಮೇತ. ಇದು ನೀರಿನ ಕೆಲಸವಲ್ಲ. ಬುಲ್ಢಾಣದಲ್ಲಿ 2025ರ ಜನವರಿಯಲ್ಲಿ ಕಂಡದ್ದು ಇದಕ್ಕೆ ಸಂಬಂಧಿಸಿದ್ದಲ್ಲ. ಅಲ್ಲಿ ಕೆಲವೇ ದಿನಗಳಲ್ಲಿ ಜನರ ತಲೆ ಬೋಳಾಯಿತು, ಮೊದಲು ನೀರಿನ ಮೇಲೆಯೇ ಅನುಮಾನ ಹುಟ್ಟಿತಾದರೂ ನಂತರ ತನಿಖೆಯ ಗಮನ ದೇಹಕ್ಕೆ ಸೇರಿದ ಅತಿಯಾದ ಸೆಲೆನಿಯಂ ಕಡೆಗೆ ತಿರುಗಿತು. ಅದರಿಂದ ನಾವು ತಿಳಿಯಬೇಕಾದ ವಿಷಯವೊಂದಿದೆ: ಕೂದಲಿಗೆ ಒಳ್ಳೆಯದು ಎಂದು ಮಾರುವ ಪುಡಿ, ಮಾತ್ರೆಗಳಲ್ಲಿ ಸೆಲೆನಿಯಂ, ವಿಟಮಿನ್ ಎ ಸೇರಿಸಿರುತ್ತಾರೆ, ಇವೆರಡೂ ಮಿತಿಮೀರಿದರೆ ಕೂದಲನ್ನು ಉದುರಿಸುತ್ತವೆ.

ಅತ್ತೆಯವರ ಈರುಳ್ಳಿ ರಸದ ಹಿಂದೆ ಒಂದು ಸಣ್ಣ ಅಧ್ಯಯನ ಇದೆ, ಅಲ್ಲಗಳೆಯುವುದಿಲ್ಲ. ಆದರೆ ಅದು ನಾಣ್ಯದಗಲ ಬೋಳಾಗುವ, ರೋಗನಿರೋಧಕ ಶಕ್ತಿಯ ಏರುಪೇರಿನಿಂದ ಬರುವ ಬೇರೆ ಕಾಯಿಲೆಯ ಬಗ್ಗೆ. ನಿಮ್ಮ ಸಮಸ್ಯೆಗೆ ಅದು ಅನ್ವಯಿಸುವುದಿಲ್ಲ, ನೆತ್ತಿ ಉರಿದು ಕೆಂಪಾಗಿ ಬಂದವರನ್ನು ನಾನು ನೋಡುತ್ತಲೇ ಇರುತ್ತೇನೆ. ಕೊಬ್ಬರಿ ಎಣ್ಣೆ ಇದಕ್ಕಿಂತ ಎಷ್ಟೋ ಮೇಲು. ಅದು ಕೂದಲಿನ ಎಳೆಯೊಳಗೆ ಇಳಿದು, ತೊಳೆಯುವಾಗ ಪ್ರೋಟೀನ್ ನಷ್ಟವಾಗುವುದನ್ನು ತಗ್ಗಿಸುತ್ತದೆ. ಇರುವ ಕೂದಲನ್ನು ಕಾಪಾಡುತ್ತದೆ, ಇಲ್ಲದ್ದನ್ನು ಹುಟ್ಟಿಸುವುದಿಲ್ಲ. ಅತ್ತೆಯವರ ಕೈಯಿಂದ ವಾರಕ್ಕೊಮ್ಮೆ ಎಣ್ಣೆ ಹಚ್ಚಿಸಿಕೊಂಡರೆ ಅವರಿಗೂ ಸಮಾಧಾನ, ನಿಮಗೂ ಹಿತ. ತಲೆಹೊಟ್ಟು ಇದ್ದರೆ ಮಾತ್ರ ರಾತ್ರಿಯಿಡೀ ಬಿಡಬೇಡಿ, ತಲೆಹೊಟ್ಟಿಗೆ ಕಾರಣವಾಗುವ ಶಿಲೀಂಧ್ರ ಎಣ್ಣೆಯಂಶವನ್ನೇ ಉಂಡು ಬೆಳೆಯುತ್ತದೆ. ಉದುರುತ್ತದೆಂಬ ಭಯಕ್ಕೆ ತಲೆಸ್ನಾನವನ್ನು ಮುಂದೂಡುವುದೂ ಬೇಡ. ವಾರಕ್ಕೊಮ್ಮೆ ಸ್ನಾನ ಮಾಡುವವರಿಗೆ ಆ ವಾರದಲ್ಲಿ ಸಡಿಲವಾದದ್ದೆಲ್ಲ ಒಂದೇ ದಿನ ಬಂದು ಭಯವಾಗುತ್ತದೆ, ಅಷ್ಟೆ. ಬಿಗಿಯಾಗಿ ಎಳೆದು ಕಟ್ಟುವ ಜಡೆ, ಜುಟ್ಟು ಮಾತ್ರ ನಿಜಕ್ಕೂ ಹಾನಿಕರ, ಅದರಲ್ಲಿಯೂ ಕಿವಿಯ ಮೇಲ್ಭಾಗದ ಕೂದಲಿಗೆ. ಮುಡಿ ಕೊಟ್ಟರೆ ದಟ್ಟವಾಗಿ ಬರುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ, ಹರಕೆಗಾಗಿ ಕೊಡುವುದು ಬೇರೆ ಮಾತು.

ಈಗ ಚಿಕಿತ್ಸೆ. ಮಿನಾಕ್ಸಿಡಿಲ್ ಮೊದಲು ರಕ್ತದೊತ್ತಡದ ಮಾತ್ರೆಯಾಗಿತ್ತು. ನುಂಗಿದವರ ಮೈಮೇಲೆ ಕೂದಲು ಬೆಳೆಯುವುದು ಕಂಡು ಅದನ್ನು ಹಚ್ಚುವ ದ್ರಾವಣವಾಗಿ ಮಾಡಿದರು. ಅಮೆರಿಕದಲ್ಲಿ 1988ರಲ್ಲಿ ಗಂಡಸರಿಗೆ, 1991ರಲ್ಲಿ ಹೆಂಗಸರಿಗೆ ಒಪ್ಪಿಗೆ ಸಿಕ್ಕಿತು. ಹೆಂಗಸರ ಬೈತಲೆಯ ತೆಳುವಾಗುವಿಕೆಗೆ ಇಂದು ಇರುವ ಔಷಧಿಗಳಲ್ಲಿ ಅತ್ಯಂತ ಹೆಚ್ಚು ಪರೀಕ್ಷೆಗೊಳಗಾದದ್ದು ಇದೇ. ಶೇ 2ರ ದ್ರಾವಣವನ್ನು ದಿನಕ್ಕೆರಡು ಬಾರಿ ಅಥವಾ ಶೇ 5ರ ನೊರೆಯನ್ನು ಒಮ್ಮೆ, ಒಣಗಿದ ನೆತ್ತಿಯ ಚರ್ಮಕ್ಕೆ ಹಚ್ಚಬೇಕು, ಕೂದಲಿಗಲ್ಲ. ಮಲಗುವುದಕ್ಕೆ ಎರಡು ಗಂಟೆಯಾದರೂ ಮೊದಲು ಹಚ್ಚಿ ಕೈ ತೊಳೆದುಕೊಳ್ಳಿ. ದಿಂಬಿಗೆ ಅಂಟಿ ಕೆನ್ನೆಗೆ ತಗುಲಿದರೆ ಅಲ್ಲಿ ರೋಮ ಬೆಳೆಯುತ್ತದೆ. ಮನೆಯಲ್ಲಿ ಬೆಕ್ಕಿದ್ದರೆ ವಿಶೇಷ ಎಚ್ಚರ ಬೇಕು, ಅದು ನೆಕ್ಕಿದರೆ ಪ್ರಾಣಕ್ಕೇ ಅಪಾಯ. ಮೊದಲ ಕೆಲವು ವಾರ ಉದುರುವುದು ಹೆಚ್ಚಾಗುತ್ತದೆ, ಬಹಳ ಜನ ಅಲ್ಲಿಯೇ ಬಿಟ್ಟುಬಿಡುತ್ತಾರೆ. ಪರಿಣಾಮ ತಿಳಿಯಲು ನಾಲ್ಕರಿಂದ ಆರು ತಿಂಗಳು ಬೇಕು, ಎಲ್ಲರಿಗೂ ಫಲ ಕೊಡುವುದೂ ಇಲ್ಲ. ನೆತ್ತಿಯ ತುರಿಕೆ, ಹೊಟ್ಟು ಏಳುವುದು ಸಾಮಾನ್ಯ ತೊಂದರೆಗಳು. ನಿಮ್ಮ ಸಹೋದ್ಯೋಗಿಯ ಮಾತಿನಲ್ಲಿ ಅರ್ಧ ನಿಜವಿದೆ. ನಿಲ್ಲಿಸಿದರೆ ಔಷಧಿಯಿಂದ ಗಳಿಸಿದ್ದು ಕೆಲವು ತಿಂಗಳಲ್ಲಿ ಹೋಗುತ್ತದೆ, ಔಷಧಿಯನ್ನೇ ಹಚ್ಚದಿದ್ದರೆ ಎಲ್ಲಿರುತ್ತಿದ್ದಿರೋ ಅಲ್ಲಿಗೆ ಬರುತ್ತೀರಿ, ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ.

ಆದರೆ ನಿಮ್ಮ ವಿಷಯದಲ್ಲಿ ಎರಡನೇ ಮಗುವಿನ ಯೋಚನೆ ಎಲ್ಲಕ್ಕಿಂತ ಮೊದಲು ಬರುತ್ತದೆ. ಗರ್ಭಿಣಿಯರು, ಹಾಲುಣಿಸುವವರು ಮಿನಾಕ್ಸಿಡಿಲ್ ಬಳಸಬಾರದು. ಕಡಿಮೆ ಪ್ರಮಾಣದ ಮಿನಾಕ್ಸಿಡಿಲ್ ಮಾತ್ರೆಯನ್ನೂ ಈಚೆಗೆ ಕೊಡುತ್ತಾರೆ, ಅದರಲ್ಲಿ ಎದೆ ಬಡಿತ ಹೆಚ್ಚುವುದು, ಕಾಲು ಊದುವುದು, ಮೈಮೇಲೆ ರೋಮ ಬೆಳೆಯುವುದು ಇರುತ್ತದೆ. ಸ್ಪೈರೋನೊಲ್ಯಾಕ್ಟೋನ್ ಎಂಬ ಹಾರ್ಮೋನು ತಡೆಯುವ ಮಾತ್ರೆಯಂತೂ ಗಂಡು ಭ್ರೂಣದ ಬೆಳವಣಿಗೆಗೆ ತೊಂದರೆ ಮಾಡಬಲ್ಲದು. ನಿಮ್ಮ ಮುಂದೆ ಎರಡು ದಾರಿಗಳಿವೆ. ಒಂದು ವರ್ಷ ಗರ್ಭಧಾರಣೆಯನ್ನು ಮುಂದೂಡಿ ಔಷಧಿ ಹಚ್ಚುವುದು, ಅಥವಾ ಈಗ ಕಬ್ಬಿಣ ಸರಿಪಡಿಸಿಕೊಂಡು ಮಗುವಿನ ಕಡೆ ಗಮನ ಕೊಟ್ಟು, ಹಾಲು ಬಿಡಿಸಿದ ಮೇಲೆ ಕೂದಲಿನ ಚಿಕಿತ್ಸೆ ಶುರುಮಾಡುವುದು. ಮೊದಲ ದಾರಿಯಲ್ಲಿ ಗಳಿಸಿದ ಕೂದಲು ಗರ್ಭಧಾರಣೆಗಾಗಿ ಔಷಧಿ ನಿಲ್ಲಿಸಿದ ಮೇಲೆ ಹೋಗುತ್ತದೆ, ಹೆರಿಗೆಯ ನಂತರದ ಉದುರುವಿಕೆಯೂ ಅದಕ್ಕೆ ಸೇರಿಕೊಳ್ಳುತ್ತದೆ. ನೀವು ವರ್ಣಿಸಿದ ಪ್ರಕಾರ ನಿಮ್ಮದು ಮೊದಲ ಹಂತ, ಒಂದೆರಡು ವರ್ಷ ಕಾದರೆ ದೊಡ್ಡ ನಷ್ಟವಾಗುವುದಿಲ್ಲ. 36ರ ವಯಸ್ಸಿನಲ್ಲಿ ಗರ್ಭಧಾರಣೆಗೆ ಒಂದು ವರ್ಷದ ಬೆಲೆ ಅದಕ್ಕಿಂತ ಹೆಚ್ಚು. ನನ್ನ ಸಲಹೆ ಎರಡನೆಯ ದಾರಿ. ಈ ರಕ್ತಹೀನತೆಯನ್ನು ಗರ್ಭಿಣಿಯಾಗುವ ಮೊದಲೇ ಸರಿಪಡಿಸಿಕೊಳ್ಳಬೇಕಾದದ್ದು ಹೇಗೂ ಅನಿವಾರ್ಯ. ಗರ್ಭಾವಸ್ಥೆಯಲ್ಲಿ ಹಾರ್ಮೋನುಗಳ ದೆಸೆಯಿಂದ ಕೂದಲು ದಟ್ಟವಾಗಿ ಕಾಣುತ್ತದೆ, ಹೆರಿಗೆಯಾಗಿ ಎರಡರಿಂದ ನಾಲ್ಕು ತಿಂಗಳಿಗೆ ಮತ್ತೆ ಹೀಗೆಯೇ ಉದುರುತ್ತದೆ. ಆಗ ಗಾಬರಿಯಾಗಬಾರದೆಂದು ಈಗಲೇ ಹೇಳಿರುತ್ತೇನೆ. ಮಗುವಿನ ಯೋಚನೆ ಬೇಡವೆಂದು ನೀವಿಬ್ಬರೂ ನಿರ್ಧರಿಸಿದರೆ ಮಿನಾಕ್ಸಿಡಿಲ್ ಅನ್ನು ಧೈರ್ಯವಾಗಿ ಶುರುಮಾಡಬಹುದು.

ಪಿಆರ್‌ಪಿ ಎಂದರೆ ನಿಮ್ಮದೇ ರಕ್ತವನ್ನು ತೆಗೆದು, ಯಂತ್ರದಲ್ಲಿ ತಿರುಗಿಸಿ, ಪ್ಲೇಟ್‌ಲೆಟ್ ಹೆಚ್ಚಿರುವ ಭಾಗವನ್ನು ನೆತ್ತಿಗೆ ಚುಚ್ಚುವುದು. ಕೆಲವರಲ್ಲಿ ದಟ್ಟಣೆ ಹೆಚ್ಚುವುದುಂಟು. ಆದರೆ ರಕ್ತವನ್ನು ಎಷ್ಟು ತಿರುಗಿಸಬೇಕು, ಎಷ್ಟು ಬಾರಿ ಚುಚ್ಚಬೇಕು ಎಂಬುದರಲ್ಲಿ ಒಬ್ಬೊಬ್ಬರದು ಒಂದೊಂದು ಪದ್ಧತಿ, ಫಲಿತಾಂಶವೂ ಹಾಗೆಯೇ. ನೋವು, ಖರ್ಚು ಎರಡೂ ಇವೆ, ಫಲ ಉಳಿಯಬೇಕಾದರೆ ಆಗಾಗ ಮತ್ತೆ ಮಾಡಿಸುತ್ತಿರಬೇಕು. ಜ್ವರದ ಉದುರುವಿಕೆ ಇನ್ನೂ ನಡೆಯುತ್ತಿರುವ, ರಕ್ತ ಕಡಿಮೆಯಿರುವ ಈ ಹೊತ್ತಿನಲ್ಲಿ ಅದನ್ನು ಮಾಡಿಸುವುದಕ್ಕೆ ನನ್ನ ಒಪ್ಪಿಗೆಯಿಲ್ಲ.

ತಮ್ಮನ ಬಾಟಲಿಯನ್ನು ದಯವಿಟ್ಟು ಮುಟ್ಟಬೇಡಿ. ಗಂಡಸರಿಗೆಂದು ಮಾರುವ ಮಿನಾಕ್ಸಿಡಿಲ್ ದ್ರಾವಣಗಳಲ್ಲಿ ಹಲವಕ್ಕೆ ಫಿನಾಸ್ಟರೈಡ್ ಎಂಬ, ಗಂಡು ಹಾರ್ಮೋನಿನ ಪರಿಣಾಮವನ್ನು ತಗ್ಗಿಸುವ ಔಷಧಿ ಬೆರೆಸಿರುತ್ತಾರೆ, ಅದು ಲೇಬಲ್‌ನ ಸಣ್ಣ ಅಕ್ಷರದಲ್ಲಿ ಇರುತ್ತದೆ. ಗರ್ಭ ಧರಿಸಬಹುದಾದ ಹೆಣ್ಣು ಅದನ್ನು ಬಳಸುವಂತಿಲ್ಲ. ಗಂಡು ಮಗುವಿನ ಜನನಾಂಗದ ಬೆಳವಣಿಗೆಗೆ ಅದು ಅಡ್ಡಿ ಮಾಡುತ್ತದೆ. ತಮ್ಮನಿಗೆ ಅದು ಉಪಯುಕ್ತವಾಗಬಹುದು, ಗಂಡಸರ ಕೂದಲ ನಷ್ಟಕ್ಕೆ ಒಂದು ಮಿಲಿಗ್ರಾಂ ಮಾತ್ರೆಗೆ 1997ರಿಂದಲೂ ಅಮೆರಿಕದಲ್ಲಿ ಮಾನ್ಯತೆ ಇದೆ. ಆದರೆ ಕೆಲವರಲ್ಲಿ ಲೈಂಗಿಕ ಆಸಕ್ತಿ ಕುಗ್ಗುವುದು, ಮನಸ್ಸು ಕುಗ್ಗುವುದು ಕಂಡುಬಂದಿರುವುದರಿಂದ ಅವರು ವೈದ್ಯರನ್ನು ಕಂಡೇ ತೆಗೆದುಕೊಳ್ಳಬೇಕು, ತೆಗೆದುಕೊಳ್ಳುತ್ತಿರುವಾಗ ರಕ್ತದಾನ ಮಾಡಬಾರದು.

ಕೊನೆಯದಾಗಿ, ಕಾಯಬಾರದ ಸಂದರ್ಭಗಳೂ ಇವೆ. ನೆತ್ತಿಯಲ್ಲಿ ಉರಿ, ನೋವು, ಕೀವು ಕಾಣಿಸಿದರೆ, ಬೋಳಾದ ಜಾಗದ ಚರ್ಮ ರಂಧ್ರಗಳೇ ಇಲ್ಲದಂತೆ ನುಣುಪಾಗಿ ಹೊಳೆಯುತ್ತಿದ್ದರೆ, ಹುಬ್ಬಿನ ಕೂದಲೂ ಕಡಿಮೆಯಾಗುತ್ತಿದ್ದರೆ, ಆ ವಾರವೇ ಚರ್ಮರೋಗ ತಜ್ಞರನ್ನು ಕಾಣಿ. ರೋಮಕೂಪವನ್ನೇ ಶಾಶ್ವತವಾಗಿ ಹಾಳುಮಾಡುವ ಕಾಯಿಲೆಗಳ ಲಕ್ಷಣಗಳಿವು, ಹೋದದ್ದನ್ನು ಮರಳಿ ತರಲಾಗದು, ಉಳಿದದ್ದನ್ನು ಕಾಪಾಡಬಹುದು. ನಿಮ್ಮ ಪತ್ರದಲ್ಲಿ ಇವು ಯಾವುವೂ ಇಲ್ಲ. ಇವತ್ತು ಬೈತಲೆಯ ಎರಡು ಫೋಟೋ ತೆಗೆಸಿಡಿ, ಮೂರು ತಿಂಗಳಿಗೊಮ್ಮೆ ಅದೇ ಕಿಟಕಿಯ ಬೆಳಕಿನಲ್ಲಿ, ಕೂದಲು ಒಣಗಿದ್ದಾಗ, ಅದೇ ದೂರದಿಂದ ಮತ್ತೆ ತೆಗೆಸಿ. ದಿನವೂ ಉದುರಿದ್ದನ್ನು ಎಣಿಸುವುದನ್ನು ಬಿಡಿ. ಮೇ ತಿಂಗಳ ಹೊತ್ತಿಗೂ ಉದುರುವುದು ತಗ್ಗದಿದ್ದರೆ ಅಥವಾ ಫೋಟೋದಲ್ಲಿ ಬೈತಲೆ ಇನ್ನಷ್ಟು ಅಗಲವಾಗಿದ್ದರೆ, ಫೋಟೋಗಳು, ಹೊಸ ರಕ್ತಪರೀಕ್ಷೆಯ ವರದಿ, ನೀವು ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಯೊಂದಿಗೆ ನಿಮ್ಮ ಚರ್ಮರೋಗ ತಜ್ಞರನ್ನು ಮತ್ತೆ ಕಾಣಿ.